ತೊಟ್ಟಿಕ್ಕುವ ನಳ

ಕೊಳವೆಯೊಳಗೆ ನೀರು ಕಲ್ಲಾಗಿ ನಿಂತಿತೆಂದು ಸಿಂಧನೂರಿನಲ್ಲಿ ಯಾರಾದರೂ ಹೇಳಿದರೆ ಕೇಳಿದವರು ನಗದೆ ಇರಲಾರರು. ನಮ್ಮ ಸೀಮೆಯಲ್ಲಿ ಚಳಿಯೆಂಬುದು ಎಳ್ಳಮವಾಸ್ಯೆಯ ಸುಮಾರಿಗೆ ಮೈಗೆ ತಾಕಿ, ನಾಲ್ಕು ದಿನ ಕೌದಿ ಹೊದಿಸಿ, ಶಿವರಾತ್ರಿಗೆ ಶಿವಶಿವಾ ಎನ್ನುತ್ತ ಹೊರಟುಹೋಗುವ ಅತಿಥಿ. ನೀರಿನ ವಿಷಯದಲ್ಲಿ ನಮಗಿರುವ ಕಷ್ಟಗಳೆಲ್ಲ ಬಿಸಿಲಿನವು. ಹೀಗಿರಲು, ನೀರು ಹೆಪ್ಪುಗಟ್ಟಿ ಕೊಳವೆ ಸೀಳುವ ಸಂಗತಿಯನ್ನು ಕುರಿತು ಈ ಊರಿನವರಾದ ನಾವು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಆ ಕಷ್ಟವನ್ನು ನಾವು ದಂಪತಿಗಳು ಕಣ್ಣಾರೆ ಕಂಡೆವು. ಕಂಡುದಷ್ಟೇ ಅಲ್ಲ, ಕೈಯಾರೆ ತಂದುಕೊಂಡೆವು. ಇಂದು ನಮ್ಮೂರಿನಂಥ ಊರುಗಳಲ್ಲಿಯೂ ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳು ಕಡಿಮೆಯಿಲ್ಲ. ಬಾಣಂತನಕ್ಕೆಂದೋ, ಮೊಮ್ಮಕ್ಕಳ ಮೋರೆ ನೋಡಲೆಂದೋ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವ ಹಿರಿಯರೂ ಬಹುಮಂದಿ ಇದ್ದಾರೆ. ಅವರಿಗಾದರೂ ಇದು ಪ್ರಯೋಜನಕ್ಕೆ ಬಂದೀತೆಂದು, ನಾಚಿಕೆಯನ್ನು ಬದಿಗಿಟ್ಟು ಬರೆಯುತ್ತಿದ್ದೇವೆ.

ಮೊದಲು ನಮ್ಮ ಅಭ್ಯಾಸವನ್ನು ಹೇಳಬೇಕು. ಯಾತಕ್ಕೆಂದರೆ ಅನರ್ಥಕ್ಕೆಲ್ಲ ಮೂಲ ಅದೇ. ತುಂಗಭದ್ರೆಗೆ ಅಣೆಕಟ್ಟಾಗಿ 1953ರಲ್ಲಿ ಕಾಲುವೆಗಳಿಗೆ ನೀರು ಬಿಡಲಾರಂಭಿಸಿದ ಮೇಲೆ ಕ್ರಮೇಣ ನಮ್ಮ ಕಡೆಯ ಎರೆಹೊಲಗಳು ಗದ್ದೆಗಳಾದವು. ಜೋಳದ ಸೀಮೆ ನೆಲ್ಲಿನ ಸೀಮೆಯಾಯಿತು. ಪರಸ್ಥಳದವರು ಬಂದು ಹಸಿರನ್ನು ನೋಡಿ, ಇವರಿಗೆ ನೀರಿನ ಚಿಂತೆಯಿಲ್ಲವೆಂದುಕೊಳ್ಳುತ್ತಾರೆ. ಆದರೆ ಎಡದಂಡೆಯ ಕಾಲುವೆ ವರ್ಷವಿಡೀ ಹರಿಯುವುದಿಲ್ಲ. ಬೇಸಿಗೆಯಲ್ಲಿ ಅದು ನಿಂತಿತೆಂದರೆ ಕೆರೆಯಲ್ಲಿ ಕೂಡಿಟ್ಟ ನೀರೇ ಕುಡಿಯಲಿಕ್ಕೆ ಗತಿ. ಆಗ ನಳಕ್ಕೆ ನೀರು ಬಿಡುವುದು ದಿನ ಬಿಟ್ಟು ದಿನವೋ, ನಾಲ್ಕು ದಿನಕ್ಕೊಮ್ಮೆಯೋ, ಒಮ್ಮೊಮ್ಮೆ ಅದಕ್ಕೂ ತಡವಾಗಿಯೋ. ನೀರು ಬಂದ ಗಳಿಗೆಯಲ್ಲಿ ಹಂಡೆ, ಕೊಡ, ಗಡಿಗೆ, ಬಕೀಟು, ಕಡೆಗೆ ಚರಿಗೆಯವರೆಗೆ ಎಲ್ಲವೂ ತುಂಬಬೇಕು. ಮಾಳಿಗೆಯ ಮೇಲಿನ ಟಾಕಿಗೆ ಮೋಟಾರಿನಿಂದ ನೀರನ್ನೇರಿಸಬೇಕು. ಆ ಹೊತ್ತಿನಲ್ಲಿ ವಿದ್ಯುತ್ತು ಹೋಯಿತೆಂದರೆ ಮೋಟಾರು ನಿಲ್ಲುತ್ತದೆ. ಮೋಟಾರು ನಿಂತರೆ ಟಾಕಿಯಲ್ಲಿರುವಷ್ಟೇ ನೀರಿನಲ್ಲಿ ದಿನಗಳನ್ನು ನೂಕಬೇಕು. ಆದಕಾರಣ ವಿದ್ಯುತ್ತು ಹೋದ ಕೂಡಲೆ ನಮ್ಮ ಮನೆಯಲ್ಲಿ ಯಾರೂ ಹೇಳದೆಯೇ ನಡೆಯುವ ಕೆಲಸವೊಂದಿದೆ. ಎಲ್ಲ ನಳಗಳನ್ನೂ ಕೈಯಿಟ್ಟು ನೋಡಿ, ತೊಟ್ಟಿಕ್ಕುವುದನ್ನು ಬಿಗಿಯಾಗಿ ತಿರುವುವುದು. ನಳ ತೊಟ್ಟಿಕ್ಕುವ ಸಪ್ಪಳ ಕಿವಿಗೆ ಬಿದ್ದರೆ ನಮಗೆ ನಿದ್ದೆ ಬಾರದು. ನಲವತ್ತು ವರ್ಷಗಳ ಸಂಸಾರದಲ್ಲಿ ಈ ಸಪ್ಪಳಕ್ಕಾಗಿ ಮಕ್ಕಳನ್ನು ಬೈದಷ್ಟು ಮತ್ತಾವುದಕ್ಕೂ ಬೈದಿಲ್ಲ.

ಈ ಅಭ್ಯಾಸವನ್ನು ಕಟ್ಟಿಕೊಂಡೇ ನಾವು 2020ರ ದಶಂಬರದಲ್ಲಿ, ಮೋರೆಗೆ ಬಟ್ಟೆ ಕಟ್ಟಿಕೊಂಡು, ಕೊರೋನಾ ರೋಗದ ಭಯವನ್ನು ನುಂಗಿಕೊಂಡು, ಮಗಳ ಬಾಣಂತನಕ್ಕೆಂದು ಅಮೇರಿಕೆಯ ಟೆಕ್ಸಾಸ್ ಪ್ರಾಂತಕ್ಕೆ ಹೋದೆವು. ಡಲ್ಲಾಸ್ ಪಟ್ಟಣಕ್ಕೆ ಉತ್ತರದಲ್ಲಿ ಅವರ ಮನೆ. ಜನವರಿಯಲ್ಲಿ ಗಂಡು ಕೂಸು ಹುಟ್ಟಿತು. ಟೆಕ್ಸಾಸೆಂದರೆ ಹಿಮದ ದೇಶವಲ್ಲವೆಂಬುದನ್ನು ವಾಚಕರು ಇಲ್ಲಿಯೇ ತಿಳಿದುಕೊಳ್ಳಬೇಕು. ಬೇಸಿಗೆಯಲ್ಲಿ ಅಲ್ಲಿಯೂ ನಮ್ಮಂತೆಯೇ ನಲವತ್ತು ಡಿಗ್ರಿಗೆ ಏರುತ್ತದೆ. ಅಲ್ಲಿಯ ಮನೆಗಳನ್ನು ಕಟ್ಟಿದವರ ಲಕ್ಷ್ಯವೆಲ್ಲ ಸೆಕೆಯನ್ನು ಹೊರಗಿಡುವುದರಲ್ಲಿಯೇ ಇತ್ತು. ನೀರಿನ ಕೊಳವೆಗಳು ಹೊರಗೋಡೆಗಳ ಒಡಲಲ್ಲಿ, ಇಲ್ಲವೆ ಸೂರಿನ ಕೆಳಗಿನ ಅಟ್ಟದಲ್ಲಿ ಹಾಯ್ದಿರುತ್ತವೆ. ಬಹು ಚಳಿಯ ಉತ್ತರ ಪ್ರಾಂತಗಳಲ್ಲಿ ಕೊಳವೆಯನ್ನು ನೆಲದಲ್ಲಿ ಆಳವಾಗಿ ಹುಗಿದು, ಮನೆಯ ನಡುಗೋಡೆಗಳಲ್ಲಿ ಒಯ್ಯುತ್ತಾರಂತೆ. ಅಂದಮೇಲೆ ಟೆಕ್ಸಾಸಿನವರೂ ಒಂದು ರೀತಿಯಿಂದ ನಮ್ಮಂಥವರೇ. ಬಿಸಿಲನ್ನು ಬಲ್ಲವರು, ಹಿಮವನ್ನರಿಯದವರು.

ಅಂಥ ನಾಡಿನ ಮೇಲೆ 2021ರ ಫೆಬ್ರವರಿ ಎರಡನೆಯ ವಾರದಲ್ಲಿ ಉತ್ತರ ಧ್ರುವದ ಕಡೆಯ ಶೀತಗಾಳಿ ಬಂದು ಕವಿಯಿತು. ಎಚ್ಚರಿಕೆಯ ಸುದ್ದಿಗಳು ಮೊದಲೇ ಬಂದಿದ್ದವು. ಅಳಿಯಂದಿರು ಶನಿವಾರವೇ ಹೊರಗಿನ ತೋಟದ ನಳಗಳಿಗೆ ಹಳೆಯ ಟವೆಲುಗಳನ್ನು ಸುತ್ತಿ, ಮೇಲೆ ಚೀಲ ಕಟ್ಟಿದರು. ಆದಿತ್ಯವಾರ, 14ನೆಯ ತಾರೀಖು, ಹಿಮ ಬೀಳತೊಡಗಿತು. ಅರಳೆಯಂತೆ ತೇಲಿ ಬರುವ ಆ ಬಿಳುಪನ್ನು ಕಿಟಕಿಯಲ್ಲಿ ನಿಂತು ನೋಡಿದೆವು. ಸುಳ್ಳೇಕೆ, ಬಹಳ ಸುಂದರವಾಗಿ ಕಂಡಿತು. ಅಂದು ಸಾಯಂಕಾಲ ಅಳಿಯಂದಿರು ಅಡಿಗೆಮನೆಯ ಮತ್ತು ಬಚ್ಚಲಿನ ನಳಗಳನ್ನು ತುಸು ಸಡಿಲಿಸಿ, ಹನಿಹನಿಯಾಗಿ ಬೀಳುವಂತೆ ಬಿಟ್ಟರು. ಅಡಿಗೆಮನೆಯ ತೊಳೆಯುವ ಬಾನಿಯ ಕೆಳಗಿನ ಕಪಾಟಿನ ಬಾಗಿಲುಗಳನ್ನು ಅಗಲವಾಗಿ ತೆರೆದಿಟ್ಟರು. "ಮಾವನವರೆ, ಇವು ಹೀಗೇ ಇರಲಿ" ಎಂದರು. ಆಗ ಕೂಸು ಅಳುತ್ತಿತ್ತು. ಯಾಕೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಹಿರಿಯರಾದವರು ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು?

ಸೋಮವಾರ ನಸುಕಿನ ಒಂದೂವರೆಯ ಸುಮಾರಿಗೆ ವಿದ್ಯುತ್ತು ಹೋಗಲಾರಂಭಿಸಿತು. ಚಳಿಗೆ ಅನಿಲದ ಬಾವಿಗಳೂ ವಿದ್ಯುತ್‌ಸ್ಥಾವರಗಳೂ ಒಂದರ ಹಿಂದೊಂದು ನಿಂತುಹೋಗಿದ್ದವು. ಟೆಕ್ಸಾಸಿನ ಬಹುಭಾಗದ ವಿದ್ಯುಜ್ಜಾಲವು ನೆರೆಯ ಪ್ರಾಂತಗಳ ಜಾಲದೊಡನೆ ಗಟ್ಟಿಯಾಗಿ ಕೂಡಿಕೊಂಡಿಲ್ಲವಾದ್ದರಿಂದ ಹೊರಗಿನಿಂದ ಕಡ ತರುವ ದಾರಿಯೂ ಇರಲಿಲ್ಲ. 45 ಲಕ್ಷಕ್ಕೂ ಮಿಕ್ಕಿ ಮನೆ ಅಂಗಡಿಗಳು ಕತ್ತಲಾದವೆಂದು ಆಮೇಲೆ ತಿಳಿಯಿತು. ಶಕ್ತಿನಗರದ ಹೊಗೆಕೊಳವೆಗಳಿರುವ ರಾಯಚೂರು ಜಿಲ್ಲೆಯವರಾದರೂ ಕತ್ತಲೆಯಲ್ಲಿ ಕೂತು ಪಳಗಿದ ನಮಗೆ ವಿದ್ಯುತ್ತು ಹೋದುದು ದೊಡ್ಡ ಮಾತೆನಿಸಲಿಲ್ಲ. ಆದರೆ ಅಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರವೂ ವಿದ್ಯುತ್ತನ್ನೇ ನಂಬಿದ್ದು. ಸೋಮವಾರ ಹಗಲೆಲ್ಲ ಒಮ್ಮೆ ಬರುವುದು, ಒಮ್ಮೆ ಹೋಗುವುದು. ರಾತ್ರಿಗೆ ಪೂರಾ ಹೋಯಿತು. ಬಾಣಂತಿಯನ್ನೂ ಕೂಸನ್ನೂ ನಡುಮನೆಗೆ ತಂದು, ಇದ್ದಬದ್ದ ಹೊದಿಕೆಗಳನ್ನೆಲ್ಲ ಹೊದಿಸಿ, ಎಲ್ಲರೂ ಒತ್ತಿಕೊಂಡು ಮಲಗಿದೆವು. ನಮ್ಮಲ್ಲಿಯಂತೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಬಾಣಂತಿಯ ಮಂಚದ ಕೆಳಗಿಡೋಣವೆಂದರೆ ಅಳಿಯಂದಿರು ಖಂಡಿತವಾಗಿ ಬೇಡವೆಂದರು. ಕಿಟಕಿ ಬಾಗಿಲುಗಳನ್ನು ಗಾಳಿಯಾಡದಂತೆ ಮುಚ್ಚಿದ ಮನೆಯಲ್ಲಿ ಇದ್ದಲಿನ ಕೆಂಡ ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಗಾಳಿ ಹುಟ್ಟಿ, ಮಲಗಿದವರು ಏಳುವುದಿಲ್ಲ. ಆ ವಾರ ಟೆಕ್ಸಾಸಿನಲ್ಲಿ ಸತ್ತವರ ಸರಕಾರೀ ಲೆಕ್ಕ 246. ಅವರಲ್ಲಿ ಈ ವಿಷಗಾಳಿಯಿಂದ ಹೋದವರೂ ಇದ್ದರು. ನಮ್ಮ ಬಾಣಂತಿಯರ ಕೋಣೆಗಳಲ್ಲಿ ಸಂದುಗೊಂದುಗಳಿರುವುದರಿಂದಲೇ ನಾವು ಇಷ್ಟು ತಲೆಮಾರು ಬದುಕಿದ್ದೇವೋ ಏನೋ.

ಈಗ ನಮ್ಮ ತಪ್ಪಿಗೆ ಬರೋಣ. ನಡುರಾತ್ರಿ ಕಳೆದಿರಬೇಕು. ಮನೆ ನಿಶ್ಶಬ್ದ, ಬೀದಿ ನಿಶ್ಶಬ್ದ, ಆ ನಿಶ್ಶಬ್ದದಲ್ಲಿ ಅಡಿಗೆಮನೆಯಿಂದ ಟಪ್, ಟಪ್, ಟಪ್ ಎಂಬ ಸಪ್ಪಳ. ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲವೆಂದರೆ ಮೋಟಾರಿಲ್ಲ, ಮೋಟಾರಿಲ್ಲವೆಂದರೆ ಟಾಕಿಯಲ್ಲಿದ್ದಷ್ಟೇ ನೀರು. ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸಿನ ಬಟ್ಟೆಗಳಿವೆ. ಆ ಮನೆಗೆ ಮಾಳಿಗೆಯೂ ಇಲ್ಲ, ಟಾಕಿಯೂ ಇಲ್ಲವೆಂಬುದು ಹಗಲಿನಲ್ಲಿ ನಮಗೆ ಗೊತ್ತಿತ್ತು, ರಾತ್ರಿಯಲ್ಲಿ ಗೊತ್ತಿರಲಿಲ್ಲ. ಎದ್ದು ಹೋಗಿ ಕತ್ತಲಲ್ಲಿ ತಡವರಿಸಿ ನಳವನ್ನು ಬಿಗಿಯಾಗಿ ತಿರುವಿದೆವು. ತೆರೆದಿದ್ದ ಕಪಾಟಿನ ಬಾಗಿಲು ಮೊಣಕಾಲಿಗೆ ಬಡಿಯಿತಾಗಿ ಅದನ್ನೂ ಮುಚ್ಚಿದೆವು. ನಮ್ಮಿಬ್ಬರಲ್ಲಿ ಎದ್ದವರು ಯಾರೆಂಬುದನ್ನು ಇಲ್ಲಿ ಹೇಳುವುದಿಲ್ಲ. ಎದ್ದವರು ಬಂದು "ಬಂದ್ ಮಾಡಿದೆ" ಎಂದಾಗ ಮಲಗಿದ್ದವರು "ಛಲೋ ಆತು" ಎಂದರು. ಆದ್ದರಿಂದ ಪಾಲು ಸಮಸಮ. ಇಬ್ಬರಿಗೂ ಒಳ್ಳೆಯ ನಿದ್ದೆ ಬಂತು.

ಮರುದಿನ ಮಂಗಳವಾರ, 16ನೆಯ ತಾರೀಖು. ಆ ಬೆಳಿಗ್ಗೆ ಡಲ್ಲಾಸಿನ ವಿಮಾನನಿಲ್ದಾಣದಲ್ಲಿ ಅಳೆದ ಶೈತ್ಯ ಸೊನ್ನೆಗಿಂತ 19 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. 1949ರ ತರುವಾಯ ಅಲ್ಲಿ ಅಷ್ಟು ಚಳಿ ಬಿದ್ದಿರಲಿಲ್ಲ. ಕೂಸಿಗೆ ನೀರು ಕಾಯಿಸಬೇಕೆಂದು ಮಗಳು ಅಡಿಗೆಮನೆಗೆ ಹೋಗಿ ನಳ ತಿರುವಿದಳು. ಒಂದು ಹನಿಯೂ ಇಲ್ಲ. "ಅವ್ವಾ, ಅಡಿಗೆಮನೀ ನಳ ಯಾರು ಬಂದ್ ಮಾಡಿದ್ರಿ?" ಎಂದು ಕೂಗಿದಳು. ನಾವಿಬ್ಬರೂ ಒಬ್ಬರ ಮೋರೆಯನ್ನೊಬ್ಬರು ನೋಡಿಕೊಂಡೆವು. ಮಕ್ಕಳಿಗೆ ಎಷ್ಟು ವರ್ಷ ಕೇಳಿದ ಪ್ರಶ್ನೆಯೋ ಅದು, ತಿರುಗಿ ನಮ್ಮ ಮುಂದೆ ಬಂದು ನಿಂತಿತ್ತು. ಮಾತು ಮಾತ್ರ ತಲೆಕೆಳಗಾಗಿತ್ತು.

ಒಪ್ಪಿಕೊಂಡೆವು. ಅಳಿಯಂದಿರು ಸಿಟ್ಟಾಗಲಿಲ್ಲ. "ಹೇಳಿದೆ, ಕಾರಣ ಹೇಳಲಿಲ್ಲ; ತಪ್ಪು ನನ್ನದೇ" ಎಂದರು. ಅದು ಅವರ ದೊಡ್ಡಸ್ತಿಕೆ. ಆಮೇಲೆ ಹೇಳಿದ ಕಾರಣವನ್ನು ನಾವು ತಿಳಿದುಕೊಂಡಂತೆ ಬರೆಯುತ್ತೇವೆ. ಪ್ರಪಂಚದ ಬಹುತರ ಪದಾರ್ಥಗಳು ತಂಪಾದಂತೆ ಕುಗ್ಗುತ್ತವೆ. ನೀರೂ ನಾಲ್ಕು ಡಿಗ್ರಿಯವರೆಗೆ ಕುಗ್ಗಿ, ಅಲ್ಲಿಂದ ಮುಂದೆ ಹಿಗ್ಗಲು ಹತ್ತುತ್ತದೆ. ಗಡ್ಡೆಯಾಗುವಾಗಲಂತೂ ಬಹಳವೇ ಹಿಗ್ಗುತ್ತದೆ. ಹನ್ನೊಂದು ಸೇರು ನೀರು ಗಡ್ಡೆಯಾದರೆ ಹನ್ನೆರಡು ಸೇರಿನ ಸ್ಥಳವನ್ನು ಬೇಡುತ್ತದೆ. ತಾಮ್ರದ ಕೊಳವೆ ಅಷ್ಟು ಸ್ಥಳವನ್ನು ಎಲ್ಲಿಂದ ಕೊಟ್ಟೀತು? ಅದಾಗ್ಯೂ ಕೊಳವೆ ಬಿರಿಯುವುದು ಬಹುಶಃ ಗಡ್ಡೆ ಕಟ್ಟಿದ ಜಾಗದಲ್ಲಲ್ಲ. ಗಡ್ಡೆ ಬೆಳೆಯುತ್ತ ಬಿರಡೆಯಂತೆ ನಿಂತು, ತನ್ನ ಮತ್ತು ಮುಚ್ಚಿದ ನಳದ ನಡುವೆ ಸಿಕ್ಕ ನೀರನ್ನು ಒತ್ತುತ್ತದೆ. ನೀರು ಒತ್ತಿದರೆ ಅಡಗುವ ವಸ್ತುವಲ್ಲ. ಹೋಗಲು ದಾರಿಯಿಲ್ಲದೆ ಅದು ಕೊಳವೆಯ ಬಲಹೀನವಾದ ಜಾಗವನ್ನು ಹುಡುಕಿ ಸೀಳುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿ, ಹೊದಿಕೆಯಿಲ್ಲದ ಕೊಳವೆಗಳಿರುವ ಬೆಚ್ಚನೆಯ ನಾಡುಗಳಲ್ಲಿ ಹೊರಗಿನ ಶೈತ್ಯ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿಳಿದರೆ ಎಚ್ಚರಗೊಳ್ಳತಕ್ಕದ್ದೆಂದು ಹೇಳಿದ್ದಾರೆ. ನಳವನ್ನು ತುಸು ಬಿಟ್ಟಿಟ್ಟರೆ ಆ ಸಿಕ್ಕಿಬಿದ್ದ ನೀರಿಗೆ ಬಾಗಿಲು ತೆರೆದಂತಾಯಿತು. ಹನಿ ಬೀಳಿಸುವುದು ನೀರು ಹರಿಯುತ್ತಿರಲೆಂದು ಮಾತ್ರವಲ್ಲ, ಒತ್ತಡ ಹೊರಟುಹೋಗಲೆಂದು. ಕಪಾಟಿನ ಬಾಗಿಲು ತೆರೆದಿಡುವುದು ಮನೆಯೊಳಗಿನ ಬೆಚ್ಚನೆಯ ಗಾಳಿ ಗೋಡೆಯಲ್ಲಿರುವ ಕೊಳವೆಗೆ ತಾಕಲೆಂದು. ನಾವು ಎರಡನ್ನೂ ಒಂದೇ ಏಟಿಗೆ ಕೆಡಿಸಿದ್ದೆವು.

ಇನ್ನು ಮಾಡುವುದೇನು? ಇಲ್ಲಿ ಒಂದು ಮಾತನ್ನು ಸ್ವಲ್ಪ ಅಭಿಮಾನದಿಂದಲೇ ಹೇಳುತ್ತೇವೆ. ಬೀದಿಯಿಂದ ಮನೆಗೆ ಬರುವ ನೀರಿನ ವಾಲ್ವು ಎಲ್ಲಿದೆಯೆಂದು ನಾವು ಕೇಳಿದೆವು. ಸಿಂಧನೂರಿನಲ್ಲಿ ಮನೆಯ ಮಕ್ಕಳಿಗೂ ಅದು ಗೊತ್ತು. ನೀರು ಬಿಡುವ ದಿನ ಅದರ ಮುಂದೆ ಕೂತು ಕಾದವರಲ್ಲವೇ ನಾವು! ಆದರೆ ನಾಲ್ಕು ವರ್ಷ ಆ ಮನೆಯಲ್ಲಿದ್ದ ಅಳಿಯಂದಿರಿಗೆ ಅದು ಗೊತ್ತಿರಲಿಲ್ಲ. ನೀರು ಎಂದೂ ನಿಲ್ಲದ ಊರಿನಲ್ಲಿ ಅದನ್ನು ತಿಳಿಯುವ ಕಾರಣವೇನು? ಕಡೆಗೆ ಮನೆಯ ಮುಂದಿನ ಹುಲ್ಲಿನಂಗಳದಲ್ಲಿ, ಬೀದಿಯ ಬದಿಗೆ, ನೆಲದಲ್ಲಿ ಹುಗಿದ ಒಂದು ಪೆಟ್ಟಿಗೆಯಲ್ಲಿ ಇರುತ್ತದೆಂದು ನೆರೆಯವರೊಬ್ಬರಿಂದ ತಿಳಿಯಿತು. ಹಿಮವನ್ನು ಸರಿಸಲು ಆ ಬೀದಿಯಲ್ಲಿ ಯಾರ ಮನೆಯಲ್ಲಿಯೂ ಸಲಿಕೆಯಿಲ್ಲ. ಕಸ ತುಂಬುವ ಮೊರದಿಂದ ಅಳಿಯಂದಿರೂ ನಾವೂ ಸರತಿಯ ಮೇಲೆ ಬಗೆದೆವು. ಗಳಿಗೆಗೊಮ್ಮೆ ಒಳಗೆ ಓಡಿ ಬೆರಳುಗಳನ್ನು ಕಾಯಿಸಿಕೊಂಡು ಬರಬೇಕು. ಅರ್ಧ ತಾಸಿಗೆ ಮುಚ್ಚಳ ಸಿಕ್ಕಿತು.

ಮುಚ್ಚುವ ಮೊದಲು ನೀರು ತುಂಬಿಟ್ಟುಕೊಳ್ಳಬೇಕು. ಬಚ್ಚಲಿನ ನಳ ಇನ್ನೂ ತೊಟ್ಟಿಕ್ಕುತ್ತಿತ್ತು. ಅದನ್ನು ನಾವು ಮುಟ್ಟಿರಲಿಲ್ಲ. ಅದರಿಂದ ಮನೆಯಲ್ಲಿದ್ದ ಪಾತ್ರೆ, ಕುಕ್ಕರು, ಡಬರಿ, ಬಾಟಲಿ, ಕೂಸಿನ ಸ್ನಾನದ ತೊಟ್ಟಿ, ಕಡೆಗೆ ಮೀಯುವ ದೊಡ್ಡ ತೊಟ್ಟಿಯನ್ನೂ ತುಂಬಿಸಿದೆವು. ಕಾಲುವೆ ನಿಲ್ಲುವ ಹಿಂದಿನ ದಿನ ನಮ್ಮ ಓಣಿಯಲ್ಲಿ ನಡೆಯುವ ಸಂಭ್ರಮವೇ ಅದು! ಮಗಳು ಬಾಣಂತಿಯಾಗಿದ್ದೂ ಮಲಗಿದಲ್ಲಿಂದಲೇ "ಆ ಹಸಿರು ಬುಟ್ಟಿ ಮರ್ತ್ರಿ" ಎಂದು ಹೇಳುತ್ತಿದ್ದಳು. ಹುಟ್ಟೂರಿನ ವಿದ್ಯೆ ಎಲ್ಲಿ ಹೋದೀತು? ಆಮೇಲೆ ವಾಲ್ವನ್ನು ಮುಚ್ಚಿದೆವು.

ಗಡ್ಡೆ ಕರಗಿಸುವ ಕ್ರಮವಿದೆ. ಮೊದಲು ನಳವನ್ನು ತೆರೆದಿಡತಕ್ಕದ್ದು. ಕರಗಿದ ನೀರಿಗೂ ಆವಿಗೂ ದಾರಿ ಬೇಕು. ಕಾಯಿಸುವುದನ್ನು ನಳದ ಕಡೆಯಿಂದ ಆರಂಭಿಸಿ ಕ್ರಮೇಣ ಗೋಡೆಯ ಕಡೆಗೆ ಹೋಗತಕ್ಕದ್ದು. ನಡುವಿನಿಂದ ಆರಂಭಿಸಿದರೆ ಎರಡು ಗಡ್ಡೆಗಳ ನಡುವೆ ಸಿಕ್ಕ ನೀರು ಮತ್ತೆ ಒತ್ತಡಕ್ಕೆ ಗುರಿಯಾಗುವುದು. ಬೆಂಕಿಯನ್ನು ಮಾತ್ರ ಮುಟ್ಟಿಸಬಾರದು. ಕಾಶ್ಮೀರದಲ್ಲಿ ದಶಂಬರ 21ರಿಂದ ನಲವತ್ತು ದಿನ 'ಚಿಲ್ಲೈ ಕಲಾನ್' ಎಂಬ ಕಡುಚಳಿಯ ಕಾಲ. ಶ್ರೀನಗರದಲ್ಲಿ ಬೆಳಗಿನ ಹೊತ್ತು ಜನರು ಹೊರಗಿನ ನಳದ ಬುಡದಲ್ಲಿ ಕಾಗದ ಕಡ್ಡಿಗಳನ್ನುರಿಸಿ ನೀರು ಬರಿಸುವುದುಂಟು. ಅದು ಬಯಲಿನಲ್ಲಿರುವ ಕಬ್ಬಿಣದ ಕೊಳವೆಯ ಮಾತು. ಮರದ ಚೌಕಟ್ಟಿನ ಅಮೇರಿಕದ ಮನೆಯ ಗೋಡೆಯೊಳಗೆ ಉರಿಯನ್ನು ಹಿಡಿದರೆ ಕೊಳವೆಗೆ ಮೊದಲು ಮನೆಯೇ ಕರಗುವುದು. ಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರ ಎಲ್ಲಕ್ಕಿಂತ ಅನುಕೂಲ, ಆದರೆ ವಿದ್ಯುತ್ತೆಲ್ಲಿ? ಅಡಿಗೆಯ ಒಲೆ ಅನಿಲದ್ದಾಗಿದ್ದರಿಂದ ಕಡ್ಡಿ ಗೀರಿ ಹೊತ್ತಿಸಿ ನೀರು ಕಾಯಿಸಿದೆವು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಕೊಳವೆಗೆ ಸುತ್ತುವುದು. ತಣ್ಣಗಾದ ಕೂಡಲೆ ಬಿಚ್ಚಿ ಬೇರೆಯದನ್ನು ಸುತ್ತುವುದು. ಕೂಸಿಗೆ ಶಾಖ ಕೊಡಲೆಂದು ತಂದ ಮೆತ್ತನೆಯ ಬಟ್ಟೆಗಳು ಕೊಳವೆಯ ಪಾಲಾದವು. ಕಪಾಟಿನೊಳಗೆ ತಲೆಯಿಟ್ಟು ಮಲಗಿ ಈ ಸೇವೆಯನ್ನು ಮೂರು ತಾಸು ಮಾಡಿದೆವು. ಕುತ್ತಿಗೆ ನೋವು ಹದಿನೈದು ದಿನ ಹೋಗಲಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಕೊಳವೆಯೊಳಗೆ ಕಟಕಟನೆ ಸಪ್ಪಳವಾಯಿತು; ನಳದ ಬಾಯಿಯಿಂದ ನಾಲ್ಕು ಹನಿ ಉದುರಿದವು. ನಮ್ಮ ಆನಂದಕ್ಕೆ ಪಾರವಿಲ್ಲ. ಆದರೆ ಅಳಿಯಂದಿರು ಹಿಗ್ಗಲಿಲ್ಲ. ಕೊಳವೆ ಸೀಳಿದ್ದರೂ ಗಡ್ಡೆ ಇರುವವರೆಗೆ ಅದು ತಿಳಿಯುವುದಿಲ್ಲ; ಗಡ್ಡೆಯೇ ಸೀಳಿಗೆ ಬಿರಡೆಯಾಗಿರುತ್ತದೆ; ಕರಗಿದ ಮೇಲೆ ನಿಜ ಹೊರಬೀಳುತ್ತದೆ. ಒಬ್ಬರು ಕಪಾಟಿನ ಮುಂದೆ, ಒಬ್ಬರು ಬಾಗಿಲಲ್ಲಿ, ಅಳಿಯಂದಿರು ಬೀದಿಯ ವಾಲ್ವಿನ ಬಳಿ, ಹೀಗೆ ಕೂಗಿನಳತೆಯಲ್ಲಿ ನಿಂತೆವು. ವಾಲ್ವನ್ನು ತುಸುವೇ ತಿರುವಿದರೋ ಇಲ್ಲವೋ, ಕೊಳವೆ ಗೋಡೆಯಿಂದ ಹೊರಬರುವ ಬಾಗಿನಲ್ಲಿ ಬೆರಳುದ್ದದ ಸೀಳಿನಿಂದ ನೀರು ಸೂಜಿಯಂತೆ ಚಿಮ್ಮಿತು. "ಬಂದ್ ಮಾಡ್ರಿ!" ಎಂದು ಕೂಗಿದೆವು. ಅರ್ಧ ಕೊಡ ನೀರು ಹೋಗಿರಬಹುದು, ಅಷ್ಟೇ.

ಕೊಳವೆ ಜೋಡಿಸುವವರನ್ನು ಕರೆದರೆ ಎರಡು ಮೂರು ವಾರ ಬರಲಾಗದೆಂಬ ಉತ್ತರ ಬಂತು; ಪ್ರಾಂತವೆಲ್ಲ ಒಂದೇ ರೋಗದಿಂದ ಮಲಗಿತ್ತು. ನೆರೆಯ ಹುಡುಗನ ಮುರಿದ ಸೈಕಲ್ಲಿನ ಟ್ಯೂಬನ್ನು ಬೇಡಿ ತಂದು, ಉದ್ದಕ್ಕೆ ಸೀಳಿ, ಸೀಳಿನ ಮೇಲೆ ಎಳೆದೆಳೆದು ಸುತ್ತಿ, ತಂತಿಯಿಂದ ಬಿಗಿದೆವು. ಇದು ನಮ್ಮೂರಿನ ಓಣಿಯ ಚಿಕಿತ್ಸೆ. ಅಲ್ಲಿಯ ಪುಸ್ತಕಗಳಲ್ಲಿ ಇರಲಾರದು. ಪೂರಾ ನಿಲ್ಲಲಿಲ್ಲ, ಜಿನುಗುತ್ತಿತ್ತು. ಆದ್ದರಿಂದ ಬೆಳಿಗ್ಗೆ ಒಂದು ತಾಸು, ಸಂಜೆಗೆ ಒಂದು ತಾಸು ವಾಲ್ವು ತೆರೆಯುವುದು, ತುಂಬಿಕೊಳ್ಳುವುದು, ಮುಚ್ಚುವುದು ಎಂದು ಗೊತ್ತುಮಾಡಿದೆವು. ಹದಿನೆಂಟು ದಿನ ಆ ಮನೆ ಸಿಂಧನೂರಿನಂತೆಯೇ ನಡೆಯಿತು. ಕೊಡ ಹೊರುವುದರಲ್ಲಿ ನಮಗೆ ಬೇಸರವಿಲ್ಲ. ಅಳಿಯಂದಿರು ಮಾತ್ರ ಸಂಜೆಯ ಆರು ಗಂಟೆಗೆ ಕೆಲಸ ಬಿಟ್ಟು ಬೀದಿಗೆ ಓಡುವುದನ್ನು ಕಂಡು ಮಗಳು "ನೀರು ಬಿಡಾವ ಬಂದ" ಎಂದು ನಗುತ್ತಿದ್ದಳು. ಆ ನಗುವನ್ನು ಕೇಳಿದ ದಿನ ನಮ್ಮೆದೆಯ ಭಾರ ಸ್ವಲ್ಪ ಇಳಿಯಿತು.

ಎಷ್ಟರಿಂದ ಪಾರಾದೆವೆಂಬುದು ವಾರದ ಕೊನೆಗೆ ಬಿಸಿಲು ಬಿದ್ದಾಗ ತಿಳಿಯಿತು. ಎರಡು ಮನೆಯಾಚೆ ಒಂದು ತೆಲುಗು ಕುಟುಂಬ. ಅವರು ವಿದ್ಯುತ್ತಿದ್ದ ಗೆಳೆಯರ ಮನೆಗೆ ಹೋಗಿದ್ದರು. ಹೋಗುವಾಗ ವಾಲ್ವನ್ನು ಮುಚ್ಚಿರಲಿಲ್ಲ. ಅಟ್ಟದ ಕೊಳವೆ ಒಡೆದು, ಗಡ್ಡೆ ಕರಗಿದ ಮೇಲೆ ನೀರು ಒಂದು ರಾತ್ರಿಯೆಲ್ಲ ಸುರಿದು, ಮಾಡಿನ ಹಲಗೆಗಳು ನೆನೆದು ಮಂಚದ ಮೇಲೆ ಕುಸಿದಿದ್ದವು. ಹಾಸಿಗೆ, ಬಟ್ಟೆ, ಪೆಟ್ಟಿಗೆಯಲ್ಲಿದ್ದ ಮದುವೆಯ ಪಟಗಳು, ಎಲ್ಲವೂ ಕೆಸರಾಗಿದ್ದವು. ಆ ತಾಯಿ ಹೊಸ್ತಿಲಲ್ಲಿ ಕೂತು ತೊಯ್ದ ಪಟಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ನಾವು ಎರಡು ಕೊಡ ನೀರನ್ನೂ ಅನ್ನ ಸಾರನ್ನೂ ಒಯ್ದು ಕೊಟ್ಟು ಬಂದೆವು. ಕೊಳವೆ ನಮ್ಮ ಕಣ್ಣ ಮುಂದಿನ ಕಪಾಟಿನಲ್ಲಿ ಸೀಳದೆ, ಕೂಸು ಮಲಗಿದ ಕೋಣೆಯ ಮೇಲಿನ ಅಟ್ಟದಲ್ಲಿ ಸೀಳಿದ್ದರೆ? ಆ ಯೋಚನೆ ಇಂದಿಗೂ ರಾತ್ರಿಯ ಹೊತ್ತು ಒಮ್ಮೊಮ್ಮೆ ಬರುತ್ತದೆ.

ನಮ್ಮ ಪಕ್ಷದಲ್ಲಿಯೂ ಒಂದು ಮಾತು ಹೇಳಿಕೊಳ್ಳಬೇಕು. ಊರಿಗೂರೇ ನಳಗಳನ್ನು ಬಿಟ್ಟಿಟ್ಟರೆ ಊರ ನೀರಿನ ಒತ್ತಡ ಏನಾಗಬೇಕು? ಒಡೆದ ಕೊಳವೆಗಳ ಸೋರಿಕೆಯೂ ಕೂಡಿ ಹಾಗೆಯೇ ಆಯಿತು. ಹ್ಯೂಸ್ಟನ್ ಪಟ್ಟಣದ ಅಧಿಕಾರಿಗಳು ನಳಗಳನ್ನು ತೊಟ್ಟಿಕ್ಕಿಸಬೇಡಿರೆಂದು ಜನರನ್ನು ಬೇಡಿಕೊಂಡರು. ಆಸ್ಪತ್ರೆಗಳಿಗೂ ಬೆಂಕಿ ಆರಿಸುವವರಿಗೂ ನೀರಿನ ಒತ್ತಡ ಸಾಲದಾಗಿತ್ತು. ಒತ್ತಡ ತಗ್ಗಿದ ಕೊಳವೆಗಳಲ್ಲಿ ಹೊಲಸು ಸೇರುವ ಭಯದಿಂದ ಟೆಕ್ಸಾಸಿನಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ನೀರನ್ನು ಕುದಿಸಿ ಕುಡಿಯಬೇಕೆಂದು ಅಪ್ಪಣೆಯಾಯಿತು. ಹಾಗಾದರೆ ನೀರೂ ಪೋಲಾಗದೆ ಕೊಳವೆಯೂ ಸೀಳದಂಥ ಉಪಾಯವಿಲ್ಲವೇ? ಇದೆ. ಸಾಕಷ್ಟು ನೀರನ್ನು ತುಂಬಿಟ್ಟುಕೊಂಡು, ಬೀದಿಯ ವಾಲ್ವನ್ನು ಮುಚ್ಚಿ, ಮನೆಯಲ್ಲಿ ಎಲ್ಲಕ್ಕಿಂತ ಮೇಲಿನ ಮತ್ತು ಎಲ್ಲಕ್ಕಿಂತ ಕೆಳಗಿನ ನಳಗಳನ್ನು ತೆರೆದು ಕೊಳವೆಗಳನ್ನು ಬರಿದುಮಾಡಿಬಿಡುವುದು. ಬರಿದಾದ ಕೊಳವೆಯಲ್ಲಿ ಗಡ್ಡೆ ಕಟ್ಟಲು ನೀರೇ ಇಲ್ಲ. ನೀರು ಕಾಯಿಸುವ ಯಂತ್ರವಿದ್ದರೆ ಅದನ್ನು ಮೊದಲು ಆರಿಸಬೇಕೆಂಬುದನ್ನು ಮಾತ್ರ ಮರೆಯಬಾರದು. ಕತ್ತಲಾದ ತಣ್ಣನೆಯ ಮನೆಯಲ್ಲಿ, ಅಥವಾ ಮನೆ ಬಿಟ್ಟು ಹೋಗುವಾಗ, ಇದೇ ಉತ್ತಮವೆಂದು ನಮ್ಮ ಅಭಿಪ್ರಾಯ. ಮನೆ ಬೆಚ್ಚಗಿದ್ದು ಒಂದೆರಡು ರಾತ್ರಿಯ ಮಾತಾದರೆ, ಹೊರಗೋಡೆಯ ನಳಗಳನ್ನು ಮಾತ್ರ ದಾರದಷ್ಟು ಸಣ್ಣಗೆ ಬಿಟ್ಟು, ಕೆಳಗೆ ಪಾತ್ರೆಯಿಟ್ಟರೆ ಆಯಿತು. ಪಾತ್ರೆಯಿಡುವುದನ್ನು ಅಲ್ಲಿಯವರು ಹೇಳುವುದಿಲ್ಲ; ಅದು ನಮ್ಮ ಸೇರ್ಪಡೆ.

ಹಾಗೆಯೇ, ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೋದವರು ಹೋದ ದಿನವೇ ವಾಲ್ವು ಎಲ್ಲಿದೆಯೆಂದು ಕೇಳಿ, ಕೈಯಿಂದ ಒಮ್ಮೆ ತಿರುವಿ ನೋಡಿ, ಆಮೇಲೆ ಉಪ್ಪಿನಕಾಯಿಯ ಭರಣಿಗಳನ್ನು ಬಿಚ್ಚಲಿ. ತೋಟದ ನಳಕ್ಕೆ ಹಾಕಿದ ರಬ್ಬರಿನ ಉದ್ದ ಕೊಳವೆಯನ್ನು ಬಿಚ್ಚಿಡಲಿ; ಅದರೊಳಗೆ ನಿಂತ ನೀರು ಗಡ್ಡೆಗಟ್ಟಿ ಗೋಡೆಯೊಳಗಿನ ಕೊಳವೆಯನ್ನು ಸೀಳುವುದುಂಟು. ಅಟ್ಟದಲ್ಲಿ ಹಾಯ್ದ ಕೊಳವೆಗಳಿಗೆ ಸುತ್ತುವ ಮೆತ್ತನೆಯ ಹೊದಿಕೆ ಅಲ್ಲಿಯ ಅಂಗಡಿಗಳಲ್ಲಿ ಅಗ್ಗವಾಗಿಯೇ ಸಿಗುತ್ತದೆ. ನಮ್ಮ ಅಳಿಯಂದಿರು ಆ ಮಾರ್ಚಿಯಲ್ಲಿಯೇ ಇಡೀ ಅಟ್ಟಕ್ಕೆ ಸುತ್ತಿಸಿದರು.

ಬೇಸಿಗೆಯ ಹೊತ್ತಿಗೆ ನಾವು ಊರಿಗೆ ಮರಳಿದೆವು. ಕಾಲುವೆ ನಿಂತಿತ್ತು. ಮಾಳಿಗೆಯ ಮೇಲಿನ ಕರಿಯ ಟಾಕಿ ಬಿಸಿಲಿಗೆ ಕಾದು, ಮಧ್ಯಾಹ್ನ ನಳ ತಿರುವಿದರೆ ಬರುವ ಮೊದಲ ಚರಿಗೆ ನೀರು ಕೈ ಸುಡುವಂತಿತ್ತು. ಬಿಸಿಲಿಗೆ ಬಿದ್ದ ಬಿಳಿಯ ಕೊಳವೆಯೊಂದು ಪೆಡಸಾಗಿ ಬಿರಿದಿತ್ತು. ಸೈಕಲ್ಲಿನ ಟ್ಯೂಬನ್ನು ತಂದು ಸುತ್ತಿದೆವು.

ಈಗ ಪ್ರತಿವರ್ಷ ಎಳ್ಳಮವಾಸ್ಯೆಯ ಸುಮಾರಿಗೆ ಡಲ್ಲಾಸಿನಲ್ಲಿ ಚಳಿ ಬೀಳುವ ಸುದ್ದಿ ತಿಳಿದರೆ, ಇಲ್ಲಿ ರಾತ್ರಿ ಊಟವಾದ ಮೇಲೆ ಮಗಳಿಗೆ ಫೋನು ಮಾಡಿ, "ನಳ ಬಿಟ್ಟಿರೇನವಾ?" ಎಂದು ಕೇಳುತ್ತೇವೆ. "ಬಿಟ್ಟೇವ್ರಿ ಅಪ್ಪಾ" ಎನ್ನುತ್ತಾಳೆ, ಎಂದು, ಒಂದು ಗಳಿಗೆ ತಡೆದು, "ಅಲ್ಲಿ ನೀವು ಬಂದ್ ಮಾಡೀರಿಲ್ಲೋ?" ಎಂದು ಕೇಳುತ್ತಾಳೆ. ಫೋನನ್ನು ಕೆಳಗಿಟ್ಟು ಇಬ್ಬರೂ ಎದ್ದು ಹೋಗಿ ನೋಡಿ ಬರುತ್ತೇವೆ.